ಗುಬ್ಬಿ ಸೀಮೆಯ ಸುಗ್ಗಿ ಹರಾಜು

ದಬ್ಬೇಘಟ್ಟದಿಂದ ಗುಬ್ಬಿ ಕಡೆಗೆ ಹೊರಟರೆ ಕಣ್ಣಿಗೆ ಬೀಳುವುದೆಲ್ಲ ತೆಂಗು. ಅಟ್ಟದ ಮೇಲೆ ಹತ್ತಿರ ಹತ್ತಿರ ವರ್ಷ ಮಲಗಿ, ನೀರು ಇಂಗಿ, ಅಲ್ಲಾಡಿಸಿದರೆ ಲೊಡಲೊಡ ಎನ್ನುವ ಕೊಬ್ಬರಿ ಕಾಯಿ. ನೆಟ್ಟ ಹಾರೆಗೆ ಕಾಯಿ ಕುಟ್ಟಿ ಮಟ್ಟೆ ಬಿಡಿಸುವವರ ಎಡೆಬಿಡದ ಸದ್ದು. ಹಸಿ ನಾರಿನ ಒಗರು ವಾಸನೆ. ಈ ಸೀಮೆಯ ಚರ್ಚುಗಳಲ್ಲಿ ಸುಗ್ಗಿ ಹಬ್ಬದ ಭಾನುವಾರ ಅದೇ ವಾಸನೆ ಪೀಠದವರೆಗೂ ಬಂದಿರುತ್ತದೆ.

ಕಂಬಗಳಿಗೆ ಕಟ್ಟಿದ ಹೊಂಬಾಳೆ, ಬಾಗಿಲಿಗೆ ಬಾಳೆಕಂದು. ಮೊದಲ ಫಲವೆಂದು ತಂದ ಎಳನೀರು ಗೊನೆ, ರಾಗಿ ತೆನೆ, ಹಲಸು, ಅಡಿಕೆ, ಸೆರಗಿನಲ್ಲಿ ಮುಚ್ಚಿ ತಂದ ನಾಲ್ಕು ಕೋಳಿಮೊಟ್ಟೆ. ಕಾಲು ಕಟ್ಟಿ ಮೂಲೆಯಲ್ಲಿ ಕೂರಿಸಿದ ಹೇಂಟೆಯೊಂದು ಪ್ರಾರ್ಥನೆಯ ನಡುವೆಯೇ ಕೊಕ್ಕೊಕ್ಕೋ ಎನ್ನುತ್ತದೆ. ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ಹಾಡು, ಪ್ರಸಂಗ, ಆಶೀರ್ವಾದ ಮುಗಿದು ಜನ ಅಂಗಳಕ್ಕೆ ಬಂದರೆ ಹರಾಜು. ‘ಏನಕ್ಕಾ, ಸುಮ್ಮನಾಗಿಬಿಟ್ರಿ? ಇನ್ನೂರೈವತ್ತು ಒಂದ್ಸಾರಿ...’ ಎಂದು ಕೂಗುವವನ ದನಿಗೆ ಆ ಅಕ್ಕ ಮತ್ತೆ ಐವತ್ತು ಏರಿಸುತ್ತಾರೆ, ಒಂದೇ ಒಂದು ಕಾಯಿಗೆ! ಸಂತೆಯ ದರ ಗೊತ್ತಿದ್ದೂ ಏರಿಸುತ್ತಾರೆ, ಯಾಕೆಂದರೆ ಆ ದುಡ್ಡು ಸಭೆಗೆ ಸೇರುತ್ತದೆ. ಚಿಕ್ಕ ಸಭೆಗಳು ಬದುಕುವುದು ಇಂಥ ಧಾರಾಳದಿಂದಲೇ.

ಚಿಕ್ಕದು ಎಂದದ್ದು ಸುಮ್ಮನಲ್ಲ. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಕ್ರೈಸ್ತರೇ ನೂರಕ್ಕೆ ಎರಡರಷ್ಟಿರಲಿಲ್ಲ, 1.87 ಅಷ್ಟೆ. ಅದರಲ್ಲೂ ಹೆಚ್ಚಿನವರು ಬೆಂಗಳೂರು, ಕರಾವಳಿಯ ಕಡೆಯವರು. ಆದರೂ ಇಲ್ಲಿಯ ಬೇರು ಹಳೆಯದು. ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ 1837ರಲ್ಲಿ ಗುಬ್ಬಿಗೆ ಬಂದರು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಇಡೀ ಸತ್ಯವೇದವನ್ನು ಕನ್ನಡಕ್ಕೆ ತಂದು ಮುಗಿಸಿ ಆಗ ಹೆಚ್ಚು ವರ್ಷ ಕಳೆದಿರಲಿಲ್ಲ. ಹಾಡ್ಸನ್ ಕನ್ನಡ ಕಲಿತದ್ದು ಎಷ್ಟರಮಟ್ಟಿಗೆ ಎಂದರೆ ಮುಂದೆ ಕನ್ನಡ ವ್ಯಾಕರಣವನ್ನೇ ಬರೆದರು. ಅವರ ಹಿಂದೆಯೇ 1839ರಲ್ಲಿ ಬಂದ ವಿಲಿಯಂ ಆರ್ಥರ್ ಇಪ್ಪತ್ತರ ಹುಡುಗ. ಆರೋಗ್ಯ ಕೆಟ್ಟು ಬೇಗನೆ ಮರಳಿದರೂ ಈ ನಾಡನ್ನು ಮರೆಯದೆ 1847ರಲ್ಲಿ ‘ಎ ಮಿಷನ್ ಟು ದಿ ಮೈಸೂರ್’ ಬರೆದರು. ಗುಬ್ಬಿಯ ಚರ್ಚು ಅವರ ಹೆಸರಿನಲ್ಲೇ ಇದೆ. 1947ರ ಸೆಪ್ಟೆಂಬರ್ 27ರಂದು ಹಲವು ಸಭೆಗಳು ಒಂದಾಗಿ ದಕ್ಷಿಣ ಭಾರತ ಸಭೆ ಹುಟ್ಟಿದಾಗ ವೆಸ್ಲಿಯನ್ನರೂ ಅದರಲ್ಲಿ ಸೇರಿದರು.

ಈ ಸಭೆಗಳಿಂದ ದುಡಿಯಲು ಕುವೈತಿಗೆ ಹೋದವರಿಗೆ ಆರಾಧನೆಯ ದಿನವೇ ಬೇರೆ. ಅಲ್ಲಿ ಶುಕ್ರವಾರ ರಜೆ. ಮಸೀದಿಗಳು ತುಂಬುವ ದಿನವೇ ಚರ್ಚೂ ತುಂಬುತ್ತದೆ. ಹಳೆಯ ಅಮೆರಿಕನ್ ಮಿಷನ್ನಿನ ನ್ಯಾಷನಲ್ ಇವ್ಯಾಂಜೆಲಿಕಲ್ ಚರ್ಚಿನ ಒಂದೇ ಆವರಣದಲ್ಲಿ ಹಲವು ದೇಶ, ಹಲವು ಭಾಷೆಯ ಸಭೆಗಳು ಸರದಿಯ ಮೇಲೆ ಸೇರುತ್ತವೆ. ಅಂಥ ಊರಲ್ಲಿದ್ದು ರಜೆಗೆ ಬಂದವರಿಗೆ, ಭಾನುವಾರದ ಬೆಳಗ್ಗೆ ಸ್ವಂತ ಊರಿನ ಬೆಂಚಿನ ಮೇಲೆ ಕೂತು ಕನ್ನಡದಲ್ಲಿ ಹಾಡುವ ಸುಖ ಏನೆಂದು ಗೊತ್ತು.

ಸುಗ್ಗಿ ಹಬ್ಬದ ದಿನ ಈ ಕಡೆ ಬಂದರೆ ಗೇಟಿನಾಚೆ ನಿಂತು ನೋಡಿ ಹೋಗಬೇಡಿ. ನೀವು ಯಾವ ದೇವರಿಗೆ ಕೈಮುಗಿಯುವವರಾದರೂ ಸರಿ, ಒಳಗೆ ಬಂದು ಒಂದು ಕಾಯಿಗಾದರೂ ಕೂಗಿ.