ವಿಕಿ ಪುಟಕ್ಕೆ ಫೈಲನ್ನು ಲಗತ್ತಿಸುವ ಬಗೆ

“ತಾತನ ಪುಸ್ತಕ ಕಾಲೇಜಿನ ಕಂಪ್ಯೂಟರಿನಲ್ಲಿ ಭದ್ರವಾಗಿದೆ ಅಂದಿದ್ದೆಯಲ್ಲಮ್ಮ, ಅದನ್ನು ಒಂದಿಷ್ಟು ತಂದುಕೊಡು. ಊರಿನವರು ನೋಡಬೇಕಂತೆ” ಎಂದು ಹೋದ ವರ್ಷ ನಮ್ಮ ತಂದೆಯವರು ಕೇಳಿದಾಗ, ನಾನು ಬಲು ಜಂಭದಿಂದ “ಅದಕ್ಕೇನಪ್ಪ, ನಾಳೆಯೇ ತರುತ್ತೇನೆ” ಎಂದುಬಿಟ್ಟೆ. ಮರುದಿನ ಕಂಪ್ಯೂಟರಿನ ಮುಂದೆ ಕುಳಿತು ನೋಡಿದರೆ, ಪುಸ್ತಕದ ಮೊದಲನೆಯ ಹಾಳೆ ಇರಬೇಕಾದ ಜಾಗದಲ್ಲಿ ಯಾವುದೋ ಕೆರೆಯ ಕೋಡಿಕಲ್ಲು ನಿಂತಿತ್ತು! ಅಂದು ನಾನು ಪಟ್ಟ ಗಾಬರಿಯೇ ಈ ಲೇಖನಕ್ಕೆ ಕಾರಣ.

ನಮ್ಮ ತಾತ ಊರಿನ ನೀರುಗಂಟಿಯಾಗಿದ್ದರು. ಕೆರೆಯ ತೂಬನ್ನು ಎತ್ತಿ, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುವುದು ಅವರ ಕೆಲಸ. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಆದುದರಿಂದ ಶಾಲೆಯ ಮೇಷ್ಟರನ್ನು ಕಾಡಿ ಬೇಡಿ ಆ ಸರದಿಯನ್ನು ನೋಟುಪುಸ್ತಕದ ನಾಲ್ಕು ಹಾಳೆಗಳಲ್ಲಿ, ಒಂದೊಂದೇ ಮಗ್ಗುಲಿಗೆ, ಬರೆಸಿಟ್ಟಿದ್ದರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲಿಗಳಾದುದರಿಂದ ಮನೆಯ ಕಾಗದಪತ್ರಗಳೆಲ್ಲವೂ ನನ್ನ ಪಾಲಿಗೆ ಬಂದಿವೆ. ನಮ್ಮ ಚರಿತ್ರೆಯ ತರಗತಿಯ ಹನ್ನೊಂದು ಮಂದಿ ಸೇರಿ ಸುತ್ತಲಿನ ಆರು ಊರುಗಳ ಕೆರೆಗಳ ವಿಚಾರವನ್ನು ಸಂಗ್ರಹಿಸುತ್ತಿದ್ದಾಗ, ಗೆಳತಿಯೊಬ್ಬಳ ಫೋನಿನಿಂದ ಆ ಹಾಳೆಗಳ ಚಿತ್ರ ತೆಗೆದು ನಮ್ಮ ವಿಕಿಗೆ ಸೇರಿಸಿದೆವು. ಆ ಮಳೆಗಾಲದಲ್ಲಿ ಅಟ್ಟ ಸೋರಿ ಪುಸ್ತಕ ನೆನೆದು ಮುದ್ದೆಯಾಯಿತು. ಗೆಳತಿ ಫೋನಿನಲ್ಲಿ ಜಾಗ ಸಾಲದೆಂದು ಹಳೆಯ ಚಿತ್ರಗಳನ್ನೆಲ್ಲ ಅಳಿಸಿದ್ದಳು. ಅದೇ ಮಳೆಗೆ, ಎಷ್ಟೋ ವರ್ಷಗಳ ಮೇಲೆ, ನಮ್ಮ ಕೆರೆಯೂ ತುಂಬಿತು. ಕಾಲುವೆಯ ಕಡೆಯಲ್ಲಿರುವ ಗದ್ದೆಗಳಿಗೆ ನೀರು ಎಷ್ಟು ಹೊತ್ತು ಎಂಬ ವ್ಯಾಜ್ಯ ಎದ್ದಿತು. ನಮ್ಮದೂ ಕಡೆಯ ಗದ್ದೆಯೇ.

ವಿಕಿ ಎಂದರೇನೆಂದು ಕೇಳುವ ಸಹಪಾಠಿಗಳು ಇನ್ನೂ ಇದ್ದಾರೆ. ಹಲವರು ಕೂಡಿ ಬರೆಯುವ, ಯಾರು ಬೇಕಾದರೂ ತಿದ್ದಬಹುದಾದ, ತಿದ್ದಿದುದೆಲ್ಲವೂ ಲೆಕ್ಕದಲ್ಲಿ ಉಳಿಯುವ ಪುಟಗಳ ಕಟ್ಟು ಅದು. ಅಮೆರಿಕದ ವಾರ್ಡ್ ಕನಿಂಗ್‌ಹ್ಯಾಮ್ ಎಂಬವರು ೧೯೯೫ರಲ್ಲಿ ಮೊದಲನೆಯದನ್ನು ತೆರೆದರು. ಹವಾಯಿ ದ್ವೀಪದ ಭಾಷೆಯಲ್ಲಿ ‘ವಿಕಿ’ ಎಂದರೆ ಬೇಗ. ಹೊನೊಲುಲು ವಿಮಾನ ನಿಲ್ದಾಣದ ಬಸ್ಸಿಗಿದ್ದ ಹೆಸರನ್ನೇ ಅವರು ಇದಕ್ಕೆ ಇಟ್ಟರು. ೨೦೦೧ರಲ್ಲಿ ವಿಕಿಪೀಡಿಯ ಹುಟ್ಟಿತು, ೨೦೦೩ರಲ್ಲಿ ಕನ್ನಡ ವಿಕಿಪೀಡಿಯ. ಅದನ್ನು ನಡೆಸುವ ‘ಮೀಡಿಯಾವಿಕಿ’ ಎಂಬ ತಂತ್ರಾಂಶ ಉಚಿತವಾಗಿ ದೊರೆಯುವುದರಿಂದ, ನಮ್ಮ ಉಪನ್ಯಾಸಕರೊಬ್ಬರು ಅದನ್ನೇ ಕಾಲೇಜಿನ ಒಂದು ಕಂಪ್ಯೂಟರಿನಲ್ಲಿ ಹೂಡಿಕೊಟ್ಟರು.

ಇನ್ನು ಲಗತ್ತಿನ ವಿಷಯ. ಲಗತ್ತು ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ತಾಲ್ಲೂಕು ಕಚೇರಿ. ಅರ್ಜಿಗೆ ಪಹಣಿಯ ನಕಲನ್ನು ಗುಂಡುಸೂಜಿಯಿಂದ ಚುಚ್ಚಿ ಕೊಡುತ್ತೇವೆ; ಅರ್ಜಿ ಹೋದಲ್ಲಿ ನಕಲೂ ಹೋಗುತ್ತದೆ. ವಿಕಿಯಲ್ಲಿಯೂ ಹೀಗೆಯೇ ಇರಬೇಕೆಂದು ನಾನು ಭಾವಿಸಿದ್ದೆ. ಕಾನ್‌ಫ್ಲುಯೆನ್ಸ್ ಎಂಬ, ಕಂಪನಿಗಳು ಬಳಸುವ ವಿಕಿಯಲ್ಲಿ ಹೆಚ್ಚುಕಡಮೆ ಹೀಗೆಯೇ. ಅಲ್ಲಿ ಲಗತ್ತು ಆಯಾ ಪುಟದ ಸೊತ್ತು. ಮೀಡಿಯಾವಿಕಿಯ ರೀತಿ ಬೇರೆ. ಅಲ್ಲಿ ಚಿತ್ರವನ್ನು ಪುಟಕ್ಕೆ ಯಾರೂ ಚುಚ್ಚುವುದಿಲ್ಲ. ಅದು ಬೇರೊಂದು ಉಗ್ರಾಣದಲ್ಲಿ, ತನ್ನದೇ ಆದ ಒಂದು ಪುಟದೊಡನೆ ಕುಳಿತಿರುತ್ತದೆ. ನಾವು ಬರೆದ ಪುಟದಲ್ಲಿ ಇರುವುದು ಅದರ ಹೆಸರು ಮಾತ್ರ. ಓದುವವರು ಪುಟ ತೆರೆದಾಗ ಯಂತ್ರವು ಆ ಹೆಸರನ್ನು ಕೂಗಿ, ಉಗ್ರಾಣದಿಂದ ಯಾವುದು ಎದ್ದುಬರುತ್ತದೆಯೋ ಅದನ್ನು ತೋರಿಸುತ್ತದೆ. ಇದರಿಂದ ದೊಡ್ಡ ಅನುಕೂಲವುಂಟು. ೨೦೦೪ರಲ್ಲಿ ತೆರೆದ ವಿಕಿಮೀಡಿಯಾ ಕಾಮನ್ಸ್ ಎಂಬುದು ಇಂಥ ಒಂದು ಮಹಾ ಉಗ್ರಾಣ. ಹಂಪೆಯ ಕಲ್ಲಿನ ರಥದ ಚಿತ್ರವನ್ನು ಅಲ್ಲಿ ಒಮ್ಮೆ ಇಟ್ಟರೆ ಕನ್ನಡದ ಪುಟವೂ ಜಪಾನೀ ಭಾಷೆಯ ಪುಟವೂ ಅದೊಂದನ್ನೇ ಕರೆದುಕೊಳ್ಳಬಹುದು.

ಕೆಲಸದ ಕ್ರಮ ಕಷ್ಟವೇನಲ್ಲ. ಪಕ್ಕದ ಪಟ್ಟಿಯಲ್ಲಿ ಫೈಲು ಅಪ್‌ಲೋಡ್ ಮಾಡುವ ಕೊಂಡಿಯನ್ನು ಒತ್ತಿ, ನಮ್ಮಲ್ಲಿರುವ ಫೈಲನ್ನು ಆರಿಸಿ, ಅದಕ್ಕೆ ಉಗ್ರಾಣದಲ್ಲಿ ಇರಬೇಕಾದ ಹೆಸರನ್ನೂ ಒಂದಿಷ್ಟು ವಿವರವನ್ನೂ ಬರೆದು ಕಳುಹಿಸುವುದು. ಅನಂತರ ನಮ್ಮ ಪುಟದಲ್ಲಿ ಎರಡೆರಡು ಚೌಕ ಕಂಸಗಳ ನಡುವೆ ‘ಚಿತ್ರ’ ಎಂದು ಬರೆದು, ಮೇಲೊಂದು ಕೆಳಗೊಂದು ಚುಕ್ಕೆಯಿಟ್ಟು, ಆ ಹೆಸರನ್ನು ಬರೆದರೆ ಚಿತ್ರ ಅಲ್ಲಿಯೇ ಕಾಣುತ್ತದೆ. ‘ಚಿತ್ರ’ ಎಂಬುದರ ಹಿಂದೆಯೂ ಅದೇ ಜೋಡಿ ಚುಕ್ಕೆಯಿಟ್ಟರೆ ಚಿತ್ರ ಕಾಣದೆ, ಅದರ ವಿವರದ ಪುಟಕ್ಕೆ ಕೊಂಡಿ ಮಾತ್ರ ಬರುತ್ತದೆ. ‘ಮೀಡಿಯ’ ಎಂದು ಬರೆದರೆ ಕೊಂಡಿ ನೇರವಾಗಿ ಫೈಲಿಗೇ ಹೋಗುತ್ತದೆ. ನಮಗೆ ಮೊದಲು ಎದುರಾದ ತೊಡಕು ಗಾತ್ರದ್ದು. ಮೀಡಿಯಾವಿಕಿಗೆ ಆಧಾರವಾದ ಪಿಎಚ್‌ಪಿ ಎಂಬ ವ್ಯವಸ್ಥೆ, ನಾವಾಗಿ ಬದಲಾಯಿಸದ ಹೊರತು, ೨ ಮೆಗಾಬೈಟಿಗಿಂತ ದೊಡ್ಡ ಫೈಲನ್ನು ಒಳಗೆ ಬಿಡುವುದಿಲ್ಲ. ಈಗಿನ ಫೋನಿನ ಒಂದು ಚಿತ್ರವೇ ಅದನ್ನು ಮೀರುತ್ತದೆ. ಉಪನ್ಯಾಸಕರು ಆ ಮಿತಿಯನ್ನು ಏರಿಸಿಕೊಡುವವರೆಗೆ ನಾವು ಹನ್ನೊಂದು ಮಂದಿಯೂ ಯಂತ್ರವನ್ನು ಬೈದದ್ದೇ ಬೈದದ್ದು.

ಈಗ ಕೋಡಿಕಲ್ಲಿಗೆ ಬರೋಣ. ನಾನು ತಾತನ ಪುಸ್ತಕದ ಚಿತ್ರಗಳಿಗೆ ಇಟ್ಟಿದ್ದ ಹೆಸರು ‘ಹಾಳೆ ೧’, ‘ಹಾಳೆ ೨’, ‘ಹಾಳೆ ೩’. ಯಾರ ಹಾಳೆ, ಯಾವ ಊರಿನ ಹಾಳೆ? ನನಗೆ ಗೊತ್ತಿತ್ತು, ಸಾಲದೆ ಎಂಬ ಧೋರಣೆ. ನಮ್ಮ ತಂಡದವನೇ ಒಬ್ಬ, ಬೇರೊಂದು ಊರಿನ ಕೋಡಿಯ ಚಿತ್ರವನ್ನು ತನ್ನ ವರದಿಯ ಮೊದಲ ಹಾಳೆಗೆಂದು, ಅವನೂ ‘ಹಾಳೆ ೧’ ಎಂದೇ ಹೆಸರಿಟ್ಟು ಏರಿಸಿದ. ಆ ಹೆಸರಿನ ಫೈಲು ಆಗಲೇ ಇದೆಯೆಂದು ಯಂತ್ರ ಎಚ್ಚರಿಸಿತಂತೆ. ಎಚ್ಚರಿಕೆಯನ್ನು ಕಡೆಗಣಿಸುವ ಗುಂಡಿಯೂ ಅಲ್ಲಿಯೇ ಇತ್ತು, ಒತ್ತಿದನಂತೆ. ಅವನ ಮೇಲೆ ತಪ್ಪು ಹೊರಿಸಲು ನನಗೆ ಬಾಯಿಲ್ಲ. ನನ್ನ ಪುಟ ಎಂದಿನಂತೆ ‘ಹಾಳೆ ೧’ ಎಂದು ಕೂಗಿತು, ಕೋಡಿಕಲ್ಲು ಎದ್ದುಬಂತು.

ಅಳುವುದೊಂದು ಬಾಕಿಯಿದ್ದಾಗ ಉಪನ್ಯಾಸಕರು ಬಂದು, “ಅದರ ಸ್ವಂತ ಪುಟ ತೆರೆದು ಕೆಳಗೆ ನೋಡಮ್ಮ” ಎಂದರು. ಅಲ್ಲಿ ಆ ಫೈಲಿನ ಇತಿಹಾಸವಿತ್ತು: ಮೇಲಿನ ಸಾಲಿನಲ್ಲಿ ಕೋಡಿಕಲ್ಲು, ಅದರ ಕೆಳಗಿನ ಸಾಲಿನಲ್ಲಿ, ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದಾಗಿ, ಮೇಷ್ಟರ ಕೈಬರಹ. ಹೊಸದು ಬಂದಾಗ ಹಳೆಯದನ್ನು ವಿಕಿ ಎಸೆಯುವುದಿಲ್ಲ, ಹಿಂದಕ್ಕೆ ಸರಿಸುತ್ತದೆ ಅಷ್ಟೆ. ಪಕ್ಕದಲ್ಲಿದ್ದ, ಹಿಂದಿನ ಸ್ಥಿತಿಗೆ ಮರಳಿಸುವ ಕೊಂಡಿಯನ್ನು ಒತ್ತಿದೊಡನೆ ತಾತನ ಹಾಳೆ ಮತ್ತೆ ಮೇಲಕ್ಕೆ ಬಂತು. ಕೋಡಿಕಲ್ಲನ್ನು ಅದರ ಊರಿನ ಹೆಸರಿನೊಡನೆ ಬೇರೆಯಾಗಿ ಏರಿಸಿದೆವು.

ನನ್ನನ್ನು ಉಳಿಸಿದ ಈ ಗುಣವೇ ಮತ್ತೊಂದು ಕಡೆ ನಮ್ಮನ್ನು ಪೇಚಿಗೆ ಸಿಕ್ಕಿಸಿತು. ರೈತರೊಬ್ಬರು ಕೊಟ್ಟ ಕಾಗದಗಳ ನಡುವೆ ಬ್ಯಾಂಕಿನ ಪಾಸ್‌ಪುಸ್ತಕದ ಹಾಳೆಯೂ ಇತ್ತು; ಖಾತೆಯ ಸಂಖ್ಯೆ ಸಹಿತ ಅದೂ ಉಗ್ರಾಣ ಸೇರಿತು. ತಪ್ಪು ತಿಳಿದೊಡನೆ ಸಂಖ್ಯೆಗೆ ಮಸಿ ಬಳಿದ ಚಿತ್ರವನ್ನು ಅದೇ ಹೆಸರಿನಲ್ಲಿ ಏರಿಸಿ ನಿಶ್ಚಿಂತರಾದೆವು. ಆದರೆ ಮಸಿಯಿಲ್ಲದ ಹಳೆಯ ಚಿತ್ರ ಇತಿಹಾಸದ ಸಾಲಿನಲ್ಲಿ ಯಾರು ಬೇಕಾದರೂ ನೋಡುವಂತೆ ಕುಳಿತೇ ಇತ್ತು. ಅಂಥದನ್ನು ನಮ್ಮಂಥವರು ತೆಗೆಯಲಾಗದು; ನಿರ್ವಾಹಕರ ಅಧಿಕಾರವುಳ್ಳವರು ಆ ಹಳೆಯ ಪ್ರತಿಯನ್ನು ಪ್ರತ್ಯೇಕವಾಗಿ ಅಳಿಸಬೇಕು. ಅಳಿಸಿದ ಮೇಲೂ ಅದನ್ನು ಮರಳಿ ತರುವುದು ನಿರ್ವಾಹಕರಿಗೆ ಸಾಧ್ಯವಂತೆ. ಅಂದಿನಿಂದ ಯಾರ ಮನೆಯ ಕಾಗದವನ್ನಾದರೂ ಏರಿಸುವ ಮುನ್ನ ಅವರ ಒಪ್ಪಿಗೆ ಕೇಳುತ್ತೇವೆ, ಮಸಿಯನ್ನೂ ಮೊದಲೇ ಬಳಿಯುತ್ತೇವೆ.

ಇನ್ನೊಂದು ಸಂಗತಿ. ಪುಟಗಳ ಬರಹ ದತ್ತಸಂಚಯದಲ್ಲಿರುತ್ತದೆ. ಚಿತ್ರಗಳು ಅದರ ಹೊರಗೆ, ಬೇರೊಂದು ಫೋಲ್ಡರಿನಲ್ಲಿ. ದತ್ತಸಂಚಯವನ್ನು ಮಾತ್ರ ನಕಲಿಸಿಟ್ಟುಕೊಂಡರೆ, ಯಂತ್ರ ಕೆಟ್ಟ ದಿನ ಹೆಸರುಗಳಷ್ಟೇ ಉಳಿದು ಚಿತ್ರಗಳು ಹೋಗಿರುತ್ತವೆ. ನಾವೀಗ ಎರಡನ್ನೂ ನಕಲಿಸುತ್ತೇವೆ.

ಹಾಳೆಗಳನ್ನು ಅಚ್ಚು ಹಾಕಿಸಿಕೊಂಡು ಊರಿಗೆ ಹೋದೆ. ಅರಳಿಕಟ್ಟೆಯಲ್ಲಿ ನಾನೇ ಓದಿ ಹೇಳಬೇಕಾಯಿತು. ಮೊದಲನೆಯದು ಮೇಲಿನ ಗದ್ದೆಗಳದು, ಎರಡನೆಯದು ನಡುವಣವು. ಮೂರನೆಯದನ್ನು ಓದತೊಡಗಿದರೆ ಅದರಲ್ಲಿ ತೂಬಿನ ದುರಸ್ತಿಯ ಮಾತು ಇತ್ತೇ ಹೊರತು ಕಡೆಯ ಗದ್ದೆಗಳ ಸುದ್ದಿಯೇ ಇರಲಿಲ್ಲ. ನಾನು ‘ಹಾಳೆ ೩’ ಎಂದು ಕರೆದಿದ್ದುದು ನಿಜವಾಗಿ ನಾಲ್ಕನೆಯ ಹಾಳೆ! ಮೂರನೆಯದು ಎರಡನೆಯದರ ಬೆನ್ನಿಗೆ ಅಂಟಿಕೊಂಡಿದ್ದುದನ್ನು ಗಮನಿಸದೆ, ಎರಡನ್ನೂ ಒಟ್ಟಿಗೆ ಮಗುಚಿ ಚಿತ್ರ ತೆಗೆದಿದ್ದೆವು. ತಂದೆಯವರು ನನ್ನ ಮುಖವನ್ನೇ ನೋಡಿದರು, ಏನೂ ಅನ್ನಲಿಲ್ಲ.

ಆಗ ತಾತನ ಜೊತೆ ಹುಡುಗನಾಗಿ ಕಾಲುವೆ ತಿರುಗಿದ್ದ ಮುದುಕರೊಬ್ಬರು, “ಬರೆಯೋಕೆ ಮುಂಚೆ ಬಾಯಲ್ಲೇ ಅಲ್ಲವೇನವ್ವ ಇದ್ದದ್ದು” ಎಂದು ಕಡೆಯ ಗದ್ದೆಗಳ ಸರದಿಯನ್ನು ಒಂದೊಂದಾಗಿ ಹೇಳಿದರು. ಒಪ್ಪಿದವರು ಕೆಲವರು, ಗೊಣಗಿದವರು ಕೆಲವರು. ಅವರ ಅನುಮತಿ ಪಡೆದು ಆ ಮಾತನ್ನು ಫೋನಿನಲ್ಲಿ ಹಿಡಿದುಕೊಂಡೆ. ನಮ್ಮ ವಿಕಿ ಧ್ವನಿಯ ಫೈಲನ್ನು ಮೊದಲು ಒಪ್ಪಲಿಲ್ಲ. ಬಿಡಬಹುದಾದ ಫೈಲುಗಳ ಪಟ್ಟಿಗೆ ಉಪನ್ಯಾಸಕರು ಅದರ ಜಾತಿಯನ್ನು ಸೇರಿಸಿದ ಮೇಲೆ ಒಪ್ಪಿತು. ಊರಿನ ಹೆಸರು, ಕೆರೆಯ ಹೆಸರು, ‘ಕಡೆಯ ಗದ್ದೆಗಳ ಸರದಿ, ಬಾಯಿಮಾತು’ ಎಂದು ಅದಕ್ಕೆ ಹೆಸರಿಟ್ಟಿದ್ದೇನೆ. ಹಳೆಯ ‘ಹಾಳೆ ೩’ಕ್ಕೂ ಹೆಸರು ಬದಲಾಯಿಸಿ, ಅದರ ವಿವರದಲ್ಲಿ “ಇದು ನಾಲ್ಕನೆಯ ಹಾಳೆ, ಮೂರನೆಯದರ ಚಿತ್ರವಿಲ್ಲ” ಎಂದು ಬರೆದಿದ್ದೇನೆ.