ವಾಂತಿಯಾದರೆ ಟೈಮಿಂಗ್ ಬರುತ್ತಾ?

ಹೋಳೂರು ಹೋಬಳಿಯ ಯಾವ ಹಳ್ಳಿಗೆ ಹೋದರೂ ಪೊಲೀಸ್ ಕೆಲಸಕ್ಕೋ ಮಿಲಿಟರಿಗೋ ‘ಗ್ರೌಂಡ್’ ಮಾಡುತ್ತಿರುವ ನಾಲ್ಕು ಹುಡುಗರು ಸಿಗುತ್ತಾರೆ. ತಯಾರಿ ಹೇಗಪ್ಪಾ ಅಂದರೆ ಉತ್ತರ ಒಂದೇ: ‘ದಿನಾ ಸಾವಿರದ ಆರುನೂರು ಫುಲ್ ಹೊಡೀತೀವಿ ಸಾರ್.’ ಫುಲ್ ಅಂದರೆ ಫುಲ್. ನಾಲ್ಕನೇ ರೌಂಡಿಗೆ ಕಣ್ಣು ಕತ್ತಲೆ ಬರಬೇಕು. ಗೆರೆ ದಾಟಿದ ಮೇಲೆ ವಾಂತಿಯಾದರೆ ಇನ್ನೂ ಶ್ರೇಷ್ಠ, ಅವತ್ತಿನ ಪ್ರಾಕ್ಟೀಸ್ ಮೈಗೆ ಹತ್ತಿತು ಎಂದು ಲೆಕ್ಕ. ಈ ವಾಂತಿಶಾಸ್ತ್ರವನ್ನು ಯಾವ ಋಷಿ ಬರೆದನೋ ಕಾಣೆ. ಕೋಲಾರದ ವಿಶ್ವೇಶ್ವರಯ್ಯ ಕ್ರೀಡಾಂಗಣದಿಂದ ಮುಳಬಾಗಿಲಿನ ಹೈವೇ ಪಕ್ಕದ ಸರ್ವಿಸ್ ರಸ್ತೆಯವರೆಗೆ ಅದರದೇ ಪಾರಾಯಣ.

ರಾಜ್ಯ ಪೊಲೀಸ್ ಕಾನ್ಸ್‌ಟೆಬಲ್ ಹುದ್ದೆಗೆ ಪುರುಷರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ ಓಡಬೇಕು. 400 ಮೀಟರಿನ ಒಂದು ರೌಂಡಿಗೆ 97.5 ಸೆಕೆಂಡು ಬಿತ್ತು. ಇದು ದಮ್ಮು ಕಟ್ಟಿ ನುಗ್ಗುವ ಓಟವೆಂದು ಹುಡುಗರು ತಿಳಿದಿದ್ದಾರೆ. ಅಲ್ಲ. ಆರು ನಿಮಿಷದ ಓಟಕ್ಕೆ ಬೇಕಾಗುವ ಶಕ್ತಿಯಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಬರುವುದು ಉಸಿರಾಡಿದ ಆಮ್ಲಜನಕದಿಂದ. ಅಂದರೆ ಬೆಳೆಸಬೇಕಾದದ್ದು ಹೃದಯ ಒಂದು ಬಡಿತಕ್ಕೆ ದೂಡುವ ರಕ್ತವನ್ನು, ಸ್ನಾಯುವಿನೊಳಗಿನ ಕೂದಲೆಳೆಯಂಥ ರಕ್ತನಾಳಗಳನ್ನು, ಜೀವಕೋಶದ ಮೈಟೊಕಾಂಡ್ರಿಯಾಗಳನ್ನು. ಇವೆಲ್ಲ ಬೆಳೆಯುವುದು ಬಹುಪಾಲು ನಿಧಾನದ, ಉದ್ದನೆಯ ಓಟದಲ್ಲಿ. ಪಕ್ಕದವನ ಜೊತೆ ಮಾತಾಡಿಕೊಂಡು ಓಡುವ ವೇಗದಲ್ಲಿ. ಇದನ್ನು ಹೇಳಿದರೆ ಹುಡುಗರು ಮುಸಿಮುಸಿ ನಗುತ್ತಾರೆ: ‘ಮಾತಾಡ್ಕೊಂಡು ಓಡಿದ್ರೆ ಅದು ವಾಕಿಂಗ್ ಅಲ್ವಾ ಸಾರ್?’

ನಗುವವರು ಪೀಟರ್ ಸ್ನೆಲ್ ಕಥೆ ಕೇಳಲಿ. ನ್ಯೂಜಿಲೆಂಡಿನ ಈ ಓಟಗಾರ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ 800 ಮೀಟರ್ ಗೆದ್ದ. 1964ರ ಟೋಕಿಯೊದಲ್ಲಿ 800, 1500 ಎರಡನ್ನೂ ಗೆದ್ದ. ಎರಡು ನಿಮಿಷದೊಳಗೆ ಮುಗಿಯುವ ಓಟಕ್ಕೆ ಅವನ ಕೋಚ್ ಆರ್ಥರ್ ಲಿಡಿಯಾರ್ಡ್ ಮೊದಲು ಮಾಡಿಸಿದ್ದೇನು? ವಾರಕ್ಕೆ ಸುಮಾರು 160 ಕಿಲೋಮೀಟರ್ ರಸ್ತೆ ಓಟ, ತಿಂಗಳುಗಟ್ಟಲೆ. ವೇಗದ ಅಭ್ಯಾಸ ಆಮೇಲೆ. ನಮ್ಮವರು ಅಷ್ಟು ಓಡಬೇಕಿಲ್ಲ, ಓಡಲೂಬಾರದು. ವಾರಕ್ಕೆ ನಾಲ್ಕು ದಿನ ಹಗುರ ಓಟ, ಒಂದೋ ಎರಡೋ ದಿನ 400 ಮೀಟರಿನ ತುಂಡು ಓಟಗಳು, ಒಂದು ದಿನ ಪೂರ್ತಿ ರಜೆ, ಇಷ್ಟರಲ್ಲೇ ಮುಕ್ಕಾಲು ಕೆಲಸ ಆಗುತ್ತದೆ. 1600 ಫುಲ್ ಎಂಬುದು ಪರೀಕ್ಷೆ. ಅದನ್ನು ದಿನವೂ ಬರೆಯುವವನು ಅವರೆ ಬಿತ್ತಿ, ಮೊಳಕೆ ಬಂತಾ ಎಂದು ಬೆಳಗೆದ್ದು ಅಗೆದು ನೋಡುವ ರೈತ.

ಆದರೂ ಈ ನಂಬಿಕೆ ಸಾಯುವುದಿಲ್ಲ. ಕಾರಣ, ಮೊದಲ ತಿಂಗಳು ಅದು ನಿಜವೆಂದೇ ತೋರುತ್ತದೆ. ಎಂದೂ ಓಡದವನು ಏನು ಮಾಡಿದರೂ ಸುಧಾರಿಸುತ್ತಾನೆ. ಏಳೂವರೆ ನಿಮಿಷ ಏಳಕ್ಕೆ ಇಳಿಯುತ್ತದೆ, ಹುಡುಗ ಹಿಗ್ಗುತ್ತಾನೆ. ಆಮೇಲೆ ಏಳಕ್ಕೇ ನಿಲ್ಲುತ್ತದೆ. ನಿಂತಾಗ ಮಾಡುವುದೇನು? ಇನ್ನೂ ಫುಲ್. ಉಸಿರು ಬೇಗ ಪಳಗುತ್ತದೆ, ಮೂಳೆ ಮತ್ತು ಸ್ನಾಯುರಜ್ಜು ಪಳಗಲು ತಿಂಗಳುಗಳು ಬೇಕು. ಮೊಣಕಾಲ ಕೆಳಗೆ ಮೂಳೆಯ ಮೇಲೆ ನೋವು ಶುರುವಾಗುತ್ತದೆ. ಸ್ಪ್ರೇ ಹೊಡೆದು ಓಡುತ್ತಾನೆ. ಕೊನೆಗೆ ಮೂಳೆಯಲ್ಲಿ ಸಣ್ಣ ಬಿರುಕು. ಸೀನಿಯರುಗಳ ತೀರ್ಪು ಸಿದ್ಧವಿರುತ್ತದೆ: ‘ಅವನಿಗೆ ವಿಲ್ ಪವರ್ ಇಲ್ಲ.’

ವಿಶ್ರಾಂತಿ ಸೋಮಾರಿಗಳದ್ದು ಅನ್ನುವವರಿಗೆ ಇನ್ನೊಂದು ಉದಾಹರಣೆ, ಅದೂ ಹೆಚ್ಚುಕಡಿಮೆ ಇದೇ ದೂರದ್ದು. ಒಂದು ಮೈಲಿ ಎಂದರೆ 1609 ಮೀಟರ್. ಅದನ್ನು ನಾಲ್ಕು ನಿಮಿಷದೊಳಗೆ ಮೊದಲು ಓಡಿದವನು ರೋಜರ್ ಬ್ಯಾನಿಸ್ಟರ್, ವೈದ್ಯಕೀಯ ವಿದ್ಯಾರ್ಥಿ. 1954ರ ಆರಂಭದಲ್ಲಿ ಅವನೂ ಗೆಳೆಯರೂ ಕಾಲು ಮೈಲಿಯ ಹತ್ತು ಓಟಗಳನ್ನು ಮಾಡುತ್ತಿದ್ದರು. ಒಂದೊಂದಕ್ಕೆ 61 ಸೆಕೆಂಡು, ಎಷ್ಟು ಒದ್ದಾಡಿದರೂ ಅದಕ್ಕಿಂತ ಕೆಳಗಿಳಿಯದು. ಬ್ಯಾನಿಸ್ಟರ್ ಓಟ ಬಿಟ್ಟು ಗೆಳೆಯ ಕ್ರಿಸ್ ಬ್ರಾಷರ್ ಜೊತೆ ಸ್ಕಾಟ್ಲೆಂಡಿನ ಬಂಡೆ ಹತ್ತಲು ಹೋದ. ಕೆಲವು ದಿನ ಬಿಟ್ಟು ಬಂದು ಓಡಿದರೆ 59! ಮೇ 6ರ ಆ ಓಟಕ್ಕೆ ಮುಂಚೆ ಐದು ದಿನ ಓಡಲೇ ಇಲ್ಲ. ಆಕ್ಸ್‌ಫರ್ಡಿನಲ್ಲಿ ಗಡಿಯಾರ ತೋರಿಸಿದ್ದು 3 ನಿಮಿಷ 59.4 ಸೆಕೆಂಡು. ನಮ್ಮ ಹುಡುಗರು ಫಿಸಿಕಲ್‌ನ ಹಿಂದಿನ ದಿನವೂ ‘ಒಂದು ಟ್ರಯಲ್’ ಹೊಡೆದೇ ಬಸ್ ಹತ್ತುತ್ತಾರೆ.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ವ್ಯರ್ಥ. ಮಾರನೇ ದಿನದ ಮೈಕೈ ನೋವು ಲ್ಯಾಕ್ಟಿಕ್ ಆಸಿಡ್ಡಿನದಲ್ಲ, ಆ ಆಸಿಡ್ಡು ಓಟ ಮುಗಿದು ಗಂಟೆಯೊಳಗೆ ರಕ್ತದಿಂದ ಕರಗಿಹೋಗಿರುತ್ತದೆ. ನೋವು ಸ್ನಾಯುವಿನ ಸೂಕ್ಷ್ಮ ಗಾಯಗಳದ್ದು. ಪ್ಲಾಸ್ಟಿಕ್ ಕೋಟು ತೊಟ್ಟು ಇಳಿಸಿದ ತೂಕ ಬರೀ ಬೆವರು, ಒಂದು ಚೊಂಬು ನೀರಿಗೆ ವಾಪಸ್. ಹಸಿ ಮೊಟ್ಟೆ ಕುಡಿಯುವ ಪೈಲ್ವಾನರಿಗೆ ದಕ್ಕುವುದು ಅದರ ಪ್ರೋಟೀನಿನಲ್ಲಿ ಅರ್ಧ, ಬೇಯಿಸಿ ತಿಂದವನಿಗೆ ಸುಮಾರು ಶೇ 90. ಬೆವರಿದಾಗ ನೀರು ಕುಡಿಯಬಾರದೆಂಬ ಮಾತಿಗೆ ವಯಸ್ಸು ಬಹಳ: 1904ರ ಸೇಂಟ್ ಲೂಯಿ ಒಲಿಂಪಿಕ್ಸ್‌ನಲ್ಲಿ ಸಂಘಟಕ ಜೇಮ್ಸ್ ಸಲ್ಲಿವನ್ ಪ್ರಯೋಗವೆಂದು ಸುಡುಬಿಸಿಲಿನ ಮ್ಯಾರಥಾನ್‌ನಲ್ಲಿ ನೀರನ್ನೇ ಬಿಗಿಹಿಡಿದ, ಹೊರಟ 32 ಮಂದಿಯಲ್ಲಿ ಮುಟ್ಟಿದವರು 14. ಹಾಗಂತ ಕೊಡಗಟ್ಟಲೆ ಸುರಿದುಕೊಳ್ಳುವುದೂ ಬೇಡ. 2002ರ ಬೋಸ್ಟನ್ ಮ್ಯಾರಥಾನ್ ಓಡಿದ 488 ಮಂದಿಯ ರಕ್ತ ಪರೀಕ್ಷಿಸಿದಾಗ ಶೇ 13 ಜನರಲ್ಲಿ ಸೋಡಿಯಂ ಸಾಮಾನ್ಯ ಮಟ್ಟಕ್ಕಿಂತ ಕೆಳಗೆ ಇಳಿದಿತ್ತು, ಮುಖ್ಯ ಕಾರಣ ಅತಿಯಾಗಿ ಕುಡಿದದ್ದು. ಆರು ನಿಮಿಷದ ಓಟದ ನಡುವೆಯಂತೂ ನೀರಿನ ಪ್ರಶ್ನೆಯೇ ಇಲ್ಲ.

ನನ್ನ ಸಿಟ್ಟು ಹುಡುಗರ ಮೇಲಲ್ಲ. ಅಂಗೈ ಮೇಲೆ ತೆಂಗಿನಕಾಯಿ ಎದ್ದು ನಿಂತ ಕಡೆ ನೀರಿದೆ ಎನ್ನುವವನನ್ನು ನಂಬಿ ಬೋರ್ ಕೊರೆಸಿದ ಜಿಲ್ಲೆ ಇದು. ನೂರು ಕಡೆ ಕಾಯಿ ನಿಂತರೂ ನೀರು ಬಂದ ಒಂದು ಜಾಗವೇ ಊರ ಬಾಯಲ್ಲಿ ಉಳಿಯುತ್ತದೆ. ಗ್ರೌಂಡಿನಲ್ಲೂ ಹಾಗೇ. ಸೆಲೆಕ್ಟ್ ಆದವನು ಊರಿಗೆ ಬಂದು ‘ನಾನು ದಿನಾ ವಾಂತಿ ಬರೋ ಹಂಗೆ ಓಡ್ತಿದ್ದೆ’ ಅಂದ ಕೂಡಲೇ ಅದು ವೇದವಾಕ್ಯ. ಅವನ ಜೊತೆ ಹಾಗೇ ಓಡಿ ಕಾಲು ಕೆಡಿಸಿಕೊಂಡು ಟೊಮೆಟೊ ಮಂಡಿಗೆ ಸೇರಿದ ಹತ್ತು ಮಂದಿಯನ್ನು ಭಾಷಣಕ್ಕೆ ಕರೆಯುವವರಿಲ್ಲ. ತರಬೇತಿ ಅಕಾಡೆಮಿಯ ಬ್ಯಾನರಿನಲ್ಲಿ ಆಯ್ಕೆಯಾದವರ ಫೋಟೊ ಇರುತ್ತದೆ. ಫೀಸು ಕಟ್ಟಿದವರು ಒಟ್ಟು ಎಷ್ಟು ಎಂದು ಕೇಳಿ ನೋಡಿ. ಕೋಚ್ ಹೇಳಿದ್ದನ್ನು ಪ್ರಶ್ನಿಸದಿರುವುದಕ್ಕೆ ದೊಡ್ಡವರೂ ಬೆಲೆ ತೆತ್ತಿದ್ದಾರೆ. 2010ರ ಏಷ್ಯನ್ ಗೇಮ್ಸ್‌ನ ಚಿನ್ನದ ಹುಡುಗಿ, ನಮ್ಮವರೇ ಆದ ಅಶ್ವಿನಿ ಅಕ್ಕುಂಜೆ ಮರುವರ್ಷವೇ ಡೋಪಿಂಗ್‌ನಲ್ಲಿ ಸಿಕ್ಕಿಬಿದ್ದರು. ಕೋಚ್ ಕೊಟ್ಟ ಜಿನ್ಸೆಂಗ್ ನುಂಗಿದ್ದೆವು ಎಂದು ಅವರೂ ಸಹ ಓಟಗಾರ್ತಿಯರೂ ವಾದಿಸಿದರು. ಎರಡು ವರ್ಷದ ನಿಷೇಧ ತಪ್ಪಲಿಲ್ಲ.

ಇಷ್ಟೆಲ್ಲ ಕೇಳಿಯೂ ನಾಳೆ ಫುಲ್ ಹೊಡೆಯುವವರು ನೇಮಕಾತಿಯ ಅಧಿಸೂಚನೆಯನ್ನಾದರೂ ಒಮ್ಮೆ ಪೂರ್ತಿ ಓದಲಿ. ಸೇನೆಯ ಓಟದಲ್ಲಿ ವೇಗಕ್ಕೆ ಅಂಕವುಂಟು. ಪೊಲೀಸ್ ಕಾನ್ಸ್‌ಟೆಬಲ್ ಓಟ ಬರೀ ಪಾಸು-ಫೇಲಿನದು. 6 ನಿಮಿಷ 29 ಸೆಕೆಂಡಿಗೆ ಬಂದವನಿಗೂ 5 ನಿಮಿಷಕ್ಕೆ ಬಂದವನಿಗೂ ಅಲ್ಲಿ ವ್ಯತ್ಯಾಸವಿಲ್ಲ, ಪಟ್ಟಿಯಲ್ಲಿ ಯಾರು ಮೇಲೆ ಎಂಬುದನ್ನು ನಿರ್ಧರಿಸುವುದು ಲಿಖಿತ ಪರೀಕ್ಷೆ.