ಮುಂಗಾಲಿನಲ್ಲೊಂದು ಮೂಗು

ಸೀತೂರಿನ ಆಸುಪಾಸಿನ ಸೊಪ್ಪಿನಬೆಟ್ಟಗಳಲ್ಲಿ ಬೇಸಿಗೆ ಬಂತೆಂದರೆ ದರಗು ಗುಡಿಸುವ ಕೆಲಸ. ಸಂಜೆ ಬಚ್ಚಲಿಗೆ ಹೋದಾಗ ಸೊಂಟದ ಹತ್ತಿರ ಸಾಸಿವೆಗಿಂತ ಚಿಕ್ಕ ಕಪ್ಪು ಚುಕ್ಕೆಯೊಂದು ಕೈಗೆ ತಗಲುತ್ತದೆ. ಉಜ್ಜಿದರೂ ಹೋಗದು. ಉಣುಗು!

ಮರದಿಂದ ಉದುರಿತು ಎನ್ನುವವರಿದ್ದಾರೆ, ಹಾರಿ ಬಂತು ಎನ್ನುವವರೂ ಇದ್ದಾರೆ. ಉಣುಗಿಗೆ ರೆಕ್ಕೆಯಿಲ್ಲ, ಜಿಗಿಯುವ ಕಾಲಿಲ್ಲ. ಮಂಗನ ಕಾಯಿಲೆ ಹರಡುವ ಹೀಮಾಫೈಸಾಲಿಸ್ ಸ್ಪಿನಿಜೆರಾ ಜಾತಿಗಂತೂ ಕಣ್ಣೂ ಇಲ್ಲ. ಹಾಗಾದರೆ ನಮ್ಮನ್ನು ಅದು ಪತ್ತೆಹಚ್ಚುವುದು ಹೇಗೆ?

ಕಾಲಿನಿಂದ. ಹುಲ್ಲನ್ನೋ ಗಿಡದ ಎಲೆಯನ್ನೋ ಹತ್ತಿ, ಹಿಂದಿನ ಕಾಲುಗಳಲ್ಲಿ ಅವುಚಿಕೊಂಡು, ಮುಂದಿನ ಎರಡನ್ನು ಗಾಳಿಗೆ ಚಾಚಿ ಕಾಯುತ್ತದೆ. ಎತ್ತಿಕೋ ಎಂದು ಕೈ ನೀಡುವ ಕೂಸಿನ ಹಾಗೆ. ಆ ಮುಂಗಾಲಿನ ತುದಿಯಲ್ಲೊಂದು ಪುಟ್ಟ ಕುಳಿ, ಅದರ ಒಳಗೂ ಸುತ್ತಲೂ ಸೂಕ್ಷ್ಮ ರೋಮಗಳು. 1881ರಲ್ಲಿ ಇದನ್ನು ವಿವರಿಸಿದ ಹಾಲರ್ ಎಂಬ ವಿಜ್ಞಾನಿ ಕಿವಿಯೆಂದೇ ತಿಳಿದಿದ್ದ. ಅದು ಮೂಗು. ಉಸಿರಿನ ಇಂಗಾಲದ ಡೈಆಕ್ಸೈಡ್, ಮೈಯಿಂದ ಹೊಮ್ಮುವ ಅಮೋನಿಯ, ಗಾಳಿಯ ತೇವ ಎಲ್ಲವೂ ಅದಕ್ಕೆ ತಿಳಿಯುತ್ತವೆ.

ಮೂಗಷ್ಟೇ ಅಲ್ಲ. ಅಮೆರಿಕದ ಎರಡು ಜಾತಿಯ ಉಣುಗುಗಳು ಮೈಯ ಬಿಸಿಯನ್ನು ಕೆಲವು ಮೀಟರ್ ದೂರದಿಂದಲೇ ಇದೇ ಅಂಗದಿಂದ ಗುರುತಿಸುತ್ತವೆ ಎಂದು 2019ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು. 2023ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಇನ್ನೊಂದು ಸಂಗತಿ ಕಂಡರು: ಪ್ರಾಣಿಗಳ ರೋಮದಲ್ಲಿ, ನಮ್ಮ ಬಟ್ಟೆಯಲ್ಲಿ ತುಂಬಿಕೊಳ್ಳುವ ಸ್ಥಿರ ವಿದ್ಯುತ್ತು ಉಣುಗನ್ನು ಕೆಲವು ಮಿಲಿಮೀಟರ್ ದೂರದಿಂದ ಗಾಳಿಯಲ್ಲೇ ಸೆಳೆದುಕೊಳ್ಳಬಲ್ಲದು. ಹಾರಿ ಬಂತು ಎನ್ನುವವರಿಗೆ ಅರ್ಧ ಅಂಕ ಕೊಡಲೇಬೇಕು.

ಉಣುಗಿಗೆ ಮನುಷ್ಯನೇ ಆಗಬೇಕೆಂದಿಲ್ಲ. ದನವೋ ಮಂಗವೋ ಇಲಿಯೋ, ಬೆಚ್ಚಗಿದ್ದು ಉಸಿರಾಡುವ ಮೈಯಾದರೆ ಸಾಕು. ಮಂಗ ಸತ್ತು ಮೈ ತಣ್ಣಗಾದರೆ ಅದರ ಮೇಲಿದ್ದವು ಇಳಿದು ಅಲ್ಲೇ ದರಗಿಗೆ ಸೇರುತ್ತವೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ ಈಗ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಾಡಂಚಿನವರಿಗೂ ಹೊಸದಲ್ಲ. ಮನುಷ್ಯರಿಗೆ ಹೆಚ್ಚಾಗಿ ಕಚ್ಚುವುದು ಇನ್ನೂ ಬೆಳೆಯುತ್ತಿರುವ ಮರಿ ಉಣುಗು. ಅವುಗಳ ಕಾಲ ಮಳೆ ನಿಂತ ಮೇಲೆ ಶುರುವಾಗಿ ಬೇಸಿಗೆಯವರೆಗೆ. ನಾವು ಸೊಪ್ಪಿಗೆ, ಸೌದೆಗೆ ಬೆಟ್ಟ ಹತ್ತುವುದೂ ಆಗಲೇ.

ಕಾಡಿಗೆ ಹೋಗುವ ಮುಂಚೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ಬಂದ ಕೂಡಲೇ ಬಿಸಿನೀರು, ಸೋಪು ಹಾಕಿ ಸ್ನಾನ ಮಾಡಿ, ಬಟ್ಟೆಯನ್ನು ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಆಶಾ ಕಾರ್ಯಕರ್ತೆಗೆ ತಿಳಿಸಿ.